ವೇಲ್ಯಾಂಡ್‌ನಲ್ಲಿ ಮೂರು ಗ್ರಾಫಿಕ್ಸ್ ಡ್ರೈವರ್‌ಗಳು: ಒಂದೇ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ್ದು

ಕೀ ಒತ್ತಿದರೆ ಅಕ್ಷರ ಮೂಡುತ್ತಿತ್ತು, ಮರುಕ್ಷಣ ಮಾಯವಾಗುತ್ತಿತ್ತು. ಇನ್ನೊಂದು ಕೀ ಒತ್ತಿದಾಗ ಎರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತಿದ್ದವು. ಲಿನಕ್ಸ್‌ನಲ್ಲಿ ಕಿಟಕಿಗಳನ್ನು ಪರದೆಗೆ ತರುವ ಹಳೆಯ ವ್ಯವಸ್ಥೆ ಎಕ್ಸ್11 ಬಿಟ್ಟು, ಅದರ ಜಾಗಕ್ಕೆ ಬಂದಿರುವ ವೇಲ್ಯಾಂಡ್ ಸೆಷನ್‌ಗೆ ಬಂದ ಮೊದಲ ದಿನವೇ ನನ್ನ ಎಡಿಟರ್ ಸ್ಥಿತಿ ಹೀಗಾಗಿತ್ತು. ಬ್ರೌಸರ್, ಟರ್ಮಿನಲ್ ಎಲ್ಲ ಸರಿಯಾಗಿದ್ದವು. ಎಕ್ಸ್11ಗೆ ಬರೆದ ಅಪ್ಲಿಕೇಶನ್‌ಗಳನ್ನು ವೇಲ್ಯಾಂಡ್‌ಗೆ ತರುವ ಎಕ್ಸ್‌ವೇಲ್ಯಾಂಡ್ ಮೂಲಕ ಓಡುವ ಆ ಎಡಿಟರ್ ಒಂದಕ್ಕೇ ಈ ಕಾಟ. ಕಾರಣ ಹುಡುಕುತ್ತಾ ಹೋಗಿ, ಕೊನೆಗೆ ಎರಡು ಕಾರ್ಡ್ ಮತ್ತು ಮೂರು ಡ್ರೈವರ್‌ಗಳನ್ನು ಒಂದೇ ಕಂಪ್ಯೂಟರಿಗೆ ಹಾಕಿ ವಾರಗಟ್ಟಲೆ ಬಳಸಿದೆ.

ಒಂದು ಕಾರ್ಡ್ ಎಎಂಡಿ ಆರ್‌ಎಕ್ಸ್ 6600. ಅದಕ್ಕೆ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಇರುವ ಎಎಂಡಿಜಿಪಿಯು ಡ್ರೈವರ್, ಜೊತೆಗೆ ಮೇಸಾ ಎಂಬ ಮುಕ್ತ ಗ್ರಾಫಿಕ್ಸ್ ಲೈಬ್ರರಿ. ಇನ್ನೊಂದು ಎನ್ವಿಡಿಯಾ ಜಿಟಿಎಕ್ಸ್ 1660 ಸೂಪರ್. ಅದನ್ನು ಮೊದಲು ಕಂಪನಿಯದೇ ಡ್ರೈವರ್ ಹಾಕಿ, ಆಮೇಲೆ ಸಮುದಾಯದವರು ಬರೆದ ಮುಕ್ತ ಡ್ರೈವರ್ ನೂವೋ ಹಾಕಿ ನೋಡಿದೆ. ಮಾನಿಟರ್ ಎರಡು: 4ಕೆ 60 ಹರ್ಟ್ಸ್ ಒಂದು, 1080ಪಿ 144 ಹರ್ಟ್ಸ್ ಇನ್ನೊಂದು. ಎಕ್ಸ್11ನಲ್ಲಿ ಈ ಜೋಡಿಗೆ ಬೇರೆ ಬೇರೆ ಸ್ಕೇಲ್ ಕೊಡಲು ಹೋಗಿ ಸಾಕಾಗಿದ್ದರಿಂದಲೇ ನಾನು ವೇಲ್ಯಾಂಡ್ ಕಡೆ ಮುಖ ಮಾಡಿದ್ದು. ಆಟದ ಎಫ್‌ಪಿಎಸ್ ಅಳೆಯಲಿಲ್ಲ. ದಿನವಿಡೀ ಕೆಲಸ ಮಾಡುವವರಿಗೆ ಬೇಕಾದ್ದು ಬೇರೆ: ಚಿತ್ರ ಮಿನುಗಬಾರದು, ಸಸ್ಪೆಂಡ್ ಮಾಡಿ ಎಬ್ಬಿಸಿದರೆ ಪರದೆ ಇದ್ದಂತೆಯೇ ಇರಬೇಕು, ಕರ್ನಲ್ ಅಪ್‌ಡೇಟ್ ಆದ ಮಾರನೇ ದಿನ ಡೆಸ್ಕ್‌ಟಾಪ್ ಬರಬೇಕು.

ಎಎಂಡಿ ಬಗ್ಗೆ ಹೇಳುವುದು ಕಡಿಮೆ. ಕಾರ್ಡ್ ಕೂರಿಸಿದೆ, ಆನ್ ಮಾಡಿದೆ, ಎರಡು ಮಾನಿಟರುಗಳೂ ತಮ್ಮ ತಮ್ಮ ರಿಫ್ರೆಶ್ ದರದಲ್ಲಿ ಎದ್ದವು. ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಲಿಲ್ಲ. ಸಸ್ಪೆಂಡ್ ಒಮ್ಮೆಯೂ ಕೈಕೊಡಲಿಲ್ಲ. ಕೊಳ್ಳುವ ಮುಂಚೆ ತಿಳಿದಿರಬೇಕಾದ ಒಂದು ಮಾತಿದೆ. ಎಚ್‌ಡಿಎಂಐ 2.1ನ ಮುಕ್ತ ಡ್ರೈವರ್ ಕೊಡಲು ಎಎಂಡಿ ಮುಂದಿಟ್ಟ ಪ್ರಸ್ತಾವವನ್ನು ಆ ಮಾನದಂಡ ನೋಡಿಕೊಳ್ಳುವ ಎಚ್‌ಡಿಎಂಐ ಫೋರಂ 2024ರಲ್ಲಿ ತಿರಸ್ಕರಿಸಿತು. ಆದ್ದರಿಂದ 4ಕೆ 120 ಹರ್ಟ್ಸ್ ಬೇಕಿದ್ದರೆ ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರನ್ನೇ ಆರಿಸಿಕೊಳ್ಳಿ.

ಎನ್ವಿಡಿಯಾದ ಡ್ರೈವರ್ ಅರ್ಥವಾಗಬೇಕಾದರೆ ಸ್ವಲ್ಪ ಒಳಗಿಳಿಯಬೇಕು. ವೇಲ್ಯಾಂಡ್‌ನಲ್ಲಿ ಪ್ರತಿ ಅಪ್ಲಿಕೇಶನ್ ತನ್ನ ಕಿಟಕಿಯ ಚಿತ್ರವನ್ನು ತಾನೇ ಬಿಡಿಸಿ, ಆ ಚಿತ್ರವಿರುವ ಮೆಮೊರಿಯನ್ನು, ಅಂದರೆ ಬಫರನ್ನು, ಎಲ್ಲ ಕಿಟಕಿಗಳನ್ನು ಜೋಡಿಸಿ ಪರದೆಗೆ ಕಳಿಸುವ ಕಂಪೋಸಿಟರ್ ಕೈಗೆ ಕೊಡುತ್ತದೆ. ಎಲ್ಲ ತೊಡಕೂ ಹುಟ್ಟುವುದು ಈ ಕೊಡುಕೊಳ್ಳುವಿಕೆಯಲ್ಲೇ. ಬಫರನ್ನು ಯಾವ ದಾರಿಯಲ್ಲಿ ಹಂಚಬೇಕು ಎಂಬುದು ಮೊದಲ ಪ್ರಶ್ನೆ. ಮೇಸಾ ಕಡೆಯವರದು ಜಿಬಿಎಂ, ಎನ್ವಿಡಿಯಾದ್ದು ಇಜಿಎಲ್‌ಸ್ಟ್ರೀಮ್ಸ್. 2021ರಲ್ಲಿ ಬಂದ 495ನೇ ಸರಣಿಯಲ್ಲಿ ಎನ್ವಿಡಿಯಾ ಕೂಡ ಜಿಬಿಎಂ ಸೇರಿಸಿದ ಮೇಲೆ ಆ ಭಿನ್ನಾಭಿಪ್ರಾಯ ಬಹುಪಾಲು ಮುಗಿಯಿತು. ಬಿಡಿಸುವುದು ಮುಗಿದಿದೆ ಎಂದು ಯಾರು ತಿಳಿಸಬೇಕು ಎಂಬುದು ಎರಡನೇ ಪ್ರಶ್ನೆ. ಮೇಸಾ ಡ್ರೈವರ್‌ಗಳಲ್ಲಿ ಅಪ್ಲಿಕೇಶನ್ ಏನೂ ಹೇಳದಿದ್ದರೂ ಕರ್ನಲ್ಲೇ ಕಾಯಿಸುತ್ತದೆ. ಇದು ಇಂಪ್ಲಿಸಿಟ್ ಸಿಂಕ್. ಎನ್ವಿಡಿಯಾದ ಡ್ರೈವರ್ ನಿಂತಿರುವುದು ಎಕ್ಸ್‌ಪ್ಲಿಸಿಟ್ ಸಿಂಕ್ ಮೇಲೆ. ಮುಗಿಯಿತೆಂಬ ಸೂಚನೆಯನ್ನು ಅಲ್ಲಿ ಬಾಯಿಬಿಟ್ಟು ದಾಟಿಸಬೇಕು. ಈ ಎರಡು ಪದ್ಧತಿಗಳ ನಡುವೆ ಮಾತುಕತೆಗೆ ಪ್ರೋಟೋಕಾಲೇ ಇರಲಿಲ್ಲ. ಹಾಗಾಗಿ ಅರ್ಧ ಬಿಡಿಸಿದ ಅಥವಾ ಹಳೆಯ ಚಿತ್ರವೇ ಪರದೆಗೆ ಹೋಗುತ್ತಿತ್ತು. ನನ್ನ ಎಡಿಟರ್‌ನ ಅಕ್ಷರಗಳು ಮಾಯವಾಗುತ್ತಿದ್ದುದು ಇದಕ್ಕೇ.

2024ರಲ್ಲಿ ಆ ಪ್ರೋಟೋಕಾಲ್ ಬಂತು. 555ನೇ ಸರಣಿಯ ಡ್ರೈವರ್, ಎಕ್ಸ್‌ವೇಲ್ಯಾಂಡ್ 24.1, ಕೆಡಿಇ ಪ್ಲಾಸ್ಮಾ 6.1 ಅಥವಾ ಗ್ನೋಮ್ 46.1 ಡೆಸ್ಕ್‌ಟಾಪ್: ಇವು ಅಥವಾ ಇವಕ್ಕಿಂತ ಹೊಸವು ಒಟ್ಟಿಗಿದ್ದರೆ ಮಾತ್ರ ಕೆಲಸ ಆಗುತ್ತದೆ. ನಾನು ಮೊದಲು ಡ್ರೈವರ್ ಒಂದನ್ನೇ ಹೊಸದು ಮಾಡಿದ್ದೆ, ಮಿನುಗು ಹಾಗೇ ಉಳಿಯಿತು. ಎಕ್ಸ್‌ವೇಲ್ಯಾಂಡ್ ಪ್ಯಾಕೇಜನ್ನೂ ಹೊಸದಾಗಿಸಿದ ಸಂಜೆ ಎಡಿಟರ್ ತೆರೆದು ಹತ್ತು ನಿಮಿಷ ಸುಮ್ಮನೆ ಟೈಪ್ ಮಾಡುತ್ತಾ ಕೂತೆ. ಒಂದಕ್ಷರವೂ ಅಲುಗಲಿಲ್ಲ. ಆ ಖುಷಿ ಇನ್ನೂ ನೆನಪಿದೆ.

ಸಸ್ಪೆಂಡ್ ವಿಷಯ ಇದೇ ಕಾರ್ಡಿನಲ್ಲಿ ಇನ್ನೊಂದು ಕಥೆ. ಎಬ್ಬಿಸಿದಾಗ ವಾಲ್‌ಪೇಪರ್ ಬಣ್ಣದ ಚೌಕಗಳಾಗಿ ಒಡೆದಿತ್ತು, ಪ್ಯಾನೆಲ್‌ನ ಅಕ್ಷರಗಳೇ ಇರಲಿಲ್ಲ. ಕಾರ್ಡಿನ ಮೆಮೊರಿಯಲ್ಲಿದ್ದುದನ್ನು ಪೂರ್ತಿ ಉಳಿಸಿಕೊಳ್ಳುವ ‘ಪ್ರಿಸರ್ವ್ ವಿಡಿಯೋ ಮೆಮೊರಿ ಅಲೊಕೇಶನ್ಸ್’ ಎಂಬ ಆಯ್ಕೆಯನ್ನು ನಾನು ಆನ್ ಮಾಡಿರಲಿಲ್ಲ. ಅದರ ಜೊತೆ ಸಸ್ಪೆಂಡ್ ಮತ್ತು ರೆಸ್ಯೂಮ್ ಸರ್ವಿಸ್‌ಗಳನ್ನೂ ಚಾಲೂ ಮಾಡಬೇಕು. ಉಳಿಸುವ ಫೈಲ್ ತಾನಾಗಿ ಹೋಗುವುದು ಟೆಂಪ್ ಫೋಲ್ಡರಿಗೆ. ಆ ಫೋಲ್ಡರ್ ರ‍್ಯಾಮ್‌ನಲ್ಲೇ ಇರುವ ಡಿಸ್ಟ್ರೋಗಳಲ್ಲಿ ಅದನ್ನು ಡಿಸ್ಕ್‌ನ ಜಾಗಕ್ಕೆ ಬದಲಾಯಿಸುವುದೇ ಕ್ಷೇಮ, ಏಕೆಂದರೆ ಈ ಕಾರ್ಡಿನ ಮೆಮೊರಿಯೇ 6 ಜಿಬಿ. ಇಷ್ಟಾದ ಮೇಲೆ ತೊಂದರೆ ಬಂದಿಲ್ಲ.

ನೂವೋ ಮೇಲೆ ನನಗೆ ನಿರೀಕ್ಷೆ ಕಡಿಮೆ ಇತ್ತು. ಅದು ಬದಲಾಯಿತು. 1660 ಸೂಪರ್ ಟ್ಯೂರಿಂಗ್ ಪೀಳಿಗೆಯ ಕಾರ್ಡ್. ಅದರೊಳಗೆ ಜಿಎಸ್‌ಪಿ ಎಂಬ ಪುಟ್ಟ ಪ್ರೊಸೆಸರ್ ಇದೆ. ಅದರ ಫರ್ಮ್‌ವೇರ್ ಬಳಸುವ ಸೌಲಭ್ಯ ಕರ್ನಲ್ 6.7ರಲ್ಲಿ ನೂವೋಗೆ ಸಿಕ್ಕಿತು. ಟ್ಯೂರಿಂಗ್‌ನಲ್ಲಿ ಅದನ್ನು ಬೂಟ್ ಆಯ್ಕೆಯಾಗಿ ನಾನೇ ಬರೆದು ಚಾಲೂ ಮಾಡಬೇಕಾಯಿತು. ಅದಿಲ್ಲದೆ ಕಾರ್ಡ್ ಬೂಟ್ ಆದಾಗಿನ ನಿಧಾನ ವೇಗದಲ್ಲೇ ಉಳಿಯುತ್ತದೆ. ಅದಿದ್ದರೆ 4ಕೆ ಮಾನಿಟರಿನಲ್ಲಿ ಕಿಟಕಿ ಎಳೆದಾಡಿದರೂ ತಡವರಿಕೆ ಇಲ್ಲ. 3ಡಿ ಗ್ರಾಫಿಕ್ಸ್‌ನ ವಲ್ಕನ್ ಇಂಟರ್‌ಫೇಸ್‌ಗೆ ಮೇಸಾದ ಎನ್‌ವಿಕೆ ಇದೆ. ಕರ್ನಲ್ ಅಪ್‌ಡೇಟ್ ಆದಾಗ ಮಾಡ್ಯೂಲ್ ಮತ್ತೆ ಕಂಪೈಲ್ ಆಗಲಿ ಎಂದು ಕಾಯುವ, ಸೆಕ್ಯೂರ್ ಬೂಟ್‌ಗಾಗಿ ಸಹಿ ಹಾಕುವ ಗೊಡವೆಯೇ ಇಲ್ಲ. ಕಾರ್ಡಿನ ಮೇಲೆ ಲೆಕ್ಕಾಚಾರ ಓಡಿಸುವ ಎನ್ವಿಡಿಯಾದ ಕುಡಾ ಮಾತ್ರ ಸಿಗುವುದಿಲ್ಲ. ನನ್ನ ಕೆಲಸದ ಒಂದು ಭಾಗ ಕುಡಾ ಮೇಲೇ ನಿಂತಿರುವುದರಿಂದ ಮನಸ್ಸಿಲ್ಲದಿದ್ದರೂ ಕಂಪನಿಯ ಡ್ರೈವರಿಗೇ ವಾಪಸು ಹೋದೆ.

ಹೀಗಾಗಿ ಕುಡಾ ಬೇಕಾದವರಿಗೆ ಎನ್ವಿಡಿಯಾದ 555 ಅಥವಾ ಅದಕ್ಕಿಂತ ಹೊಸ ಡ್ರೈವರ್, ಬೇಡದವರಿಗೆ ಎಎಂಡಿ, ಟ್ಯೂರಿಂಗ್ ಅಥವಾ ಆಮೇಲಿನ ಕಾರ್ಡ್ ಈಗಾಗಲೇ ಇದ್ದವರು ಒಮ್ಮೆ ನೂವೋ ಹಾಕಿ ನೋಡಲಿ. ಯಾವುದನ್ನು ಹಾಕಿದರೂ ರೆಂಡರರ್ ಹೆಸರು ಪರೀಕ್ಷಿಸಿ. ಅಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಕಾರ್ಡ್ ಸುಮ್ಮನೆ ಕೂತಿದೆ, ಚಿತ್ರ ಬಿಡಿಸುತ್ತಿರುವುದು ಸಿಪಿಯು.

ಹಳೆಯ ಕಾರ್ಡ್‌ಗಳ ಲೆಕ್ಕ ವಿಚಿತ್ರ. ಜಿಟಿಎಕ್ಸ್ 900 ಮತ್ತು 10ರ ಸರಣಿಗಳಿಗೆ ನೂವೋ ವೇಗ ಏರಿಸಲಾರದು, ಅವಕ್ಕೆ ಕಂಪನಿಯ 580ನೇ ಸರಣಿಯೇ ಗತಿ. ಇನ್ನೂ ಹಳೆಯ ಕೆಪ್ಲರ್ ಪೀಳಿಗೆಗೆ ಇದರ ತದ್ವಿರುದ್ಧ. ಕಂಪನಿಯ ಬೆಂಬಲ 470ಕ್ಕೇ ನಿಂತಿತು, ಅದರಲ್ಲಿ ಜಿಬಿಎಂ ಇಲ್ಲ. ಆದರೆ ನೂವೋದಲ್ಲಿ ಅದರ ವೇಗವನ್ನು ಕೈಯಾರೆ ಏರಿಸಬಹುದು. ಮೂಲೆ ಸೇರಿದ್ದ ನನ್ನ ಕೆಪ್ಲರ್ ಜಿಟಿ 710ನ್ನು ಹಾಗೆಯೇ ಎಬ್ಬಿಸಿದ್ದೇನೆ. ಪ್ರತಿ ಬೂಟ್‌ನಲ್ಲೂ ರೂಟ್ ಆಗಿ ಒಂದು ಸಾಲು ಬರೆಯಬೇಕು, ಅಷ್ಟೇ. ವೇಲ್ಯಾಂಡ್‌ನಲ್ಲಿ ಟರ್ಮಿನಲ್ಲೂ ಬ್ರೌಸರ್ರೂ ನೆಟ್ಟಗೆ ಓಡುತ್ತಿವೆ.