ಕೊಕ್ಕರೆ ಮರಿಗಳಿಗೆ ಸಂಕೇತಾಕ್ಷರದ ಪ್ಲಾಸ್ಟಿಕ್ ಉಂಗುರ: ಹಲವು ಋತುಗಳ ಬಳಕೆಯ ನಂತರ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಮರದ ಗೂಡುಗಳಿಂದ ಬಿದ್ದು, ಆರೈಕೆಯಲ್ಲಿ ಮೀನು ತಿಂದು ಬೆಳೆದ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ ಮರಿಗಳನ್ನು ಹಾರಲು ಬಿಡುವ ಮುನ್ನ, ಅರಣ್ಯ ಇಲಾಖೆಯ ಅನುಮತಿಯಿರುವ ತಂಡದ ಸಹಾಯಕನಾಗಿ, ಮುಂದೆ ಒಂದೊಂದು ಹಕ್ಕಿಯನ್ನೂ ಗುರುತಿಸಲೆಂದು ಅವುಗಳ ಕಾಲಿಗೆ ಈ ಪ್ಲಾಸ್ಟಿಕ್ ಉಂಗುರಗಳನ್ನು ತೊಡಿಸುತ್ತ ಬಂದಿದ್ದೇನೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಲೋಹದ ಉಂಗುರದಲ್ಲಿರುವ ಸಣ್ಣ ಸಂಖ್ಯೆಯನ್ನು ಓದಲು ಸಾಮಾನ್ಯವಾಗಿ ಹಕ್ಕಿಯೇ ಕೈಗೆ ಸಿಗಬೇಕು. ಈ ಪ್ಲಾಸ್ಟಿಕ್ ಉಂಗುರದ ದಪ್ಪ ಅಕ್ಷರಗಳನ್ನಾದರೋ ಕೆರೆಯ ಏರಿಯ ಮೇಲೆ ನಿಂತು ಸ್ಪಾಟಿಂಗ್ ಸ್ಕೋಪಿನಲ್ಲಿ (ಹಕ್ಕಿ ನೋಡುವ ದೂರದರ್ಶಕದಲ್ಲಿ) ಓದಬಹುದು. ಎರಡು ಬಣ್ಣದ ಪದರಗಳಲ್ಲಿ ಕೊರೆದ ಅಕ್ಷರಗಳು ಬಿಸಿಲಿಗೆ ಜಗ್ಗಿಲ್ಲ. ಇದಕ್ಕೂ ಮೊದಲು ಬೇರೊಬ್ಬ ಮಾರಾಟಗಾರರಿಂದ ತರಿಸಿದ್ದ, ಅಕ್ಷರಗಳನ್ನು ಬರಿಯ ಬಣ್ಣದಲ್ಲಿ ಅಚ್ಚೊತ್ತಿದ ಉಂಗುರಗಳು ಬೇಗನೆ ಮಾಸಿದವು.

ಎಲ್ಲಕ್ಕಿಂತ ಮುಖ್ಯವಾದದ್ದು ಉಂಗುರವನ್ನು ಕಾಲಿನ ಯಾವ ಭಾಗಕ್ಕೆ ಹಾಕುತ್ತೇವೆ ಎಂಬುದು. ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕೊಕ್ಕರೆಗಳು ತಮ್ಮ ಕಾಲುಗಳ ಮೇಲೆಯೇ ಹಿಕ್ಕೆ ಹಾಕಿಕೊಂಡು ಮೈ ತಂಪು ಮಾಡಿಕೊಳ್ಳುತ್ತವೆ. ಅದು ಸುಣ್ಣದಂತೆ ಒಣಗಿ ಉಂಗುರದ ಒಳಬದಿಯಲ್ಲಿ ಗಟ್ಟಿಯಾದರೆ ಕಾಲನ್ನು ಬಿಗಿದು ಗಾಯ ಮಾಡಬಲ್ಲದು. ಆದ್ದರಿಂದ ಮಂಡಿಯಂತೆ ಕಾಣುವ ಕೀಲಿನ (ನಿಜಕ್ಕೂ ಅದು ಹಿಮ್ಮಡಿಯ ಕೀಲು) ಮೇಲ್ಭಾಗದಲ್ಲಿಯೇ ಉಂಗುರ ಹಾಕಬೇಕು. ಹಕ್ಕಿ ನೀರಿನಲ್ಲಿ ನಿಂತು ಮೇಯುವಾಗಲೂ ಅಲ್ಲಿನ ಅಕ್ಷರಗಳು ಕಾಣುತ್ತವೆ, ಕೆಸರೂ ಮೆತ್ತುವುದಿಲ್ಲ. ಇಷ್ಟು ಮುಖ್ಯವಾದ ವಿಷಯ ಪೊಟ್ಟಣದೊಡನೆ ಬಂದ ಸೂಚನಾ ಪತ್ರದಲ್ಲಿ ಇರಲಿಲ್ಲ.

ಮರಿಗಳ ಉಳಿವನ್ನು ಅಳೆಯಲೆಂದು ಇದನ್ನು ಕೊಳ್ಳುವವರು ಅದರ ಮಿತಿಯನ್ನು ತಿಳಿದಿರಬೇಕು. ಕಾಲು ಬಹುಮಟ್ಟಿಗೆ ಬೆಳೆದ ಮೇಲೆಯೇ ಉಂಗುರ ಹಾಕಬೇಕಾದ್ದರಿಂದ, ಮೊಟ್ಟೆಯೊಡೆದ ಮೊದಲ ವಾರಗಳಲ್ಲಿ ಸತ್ತ ಮರಿಗಳು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಹಾರಿಹೋದ ಮೇಲೆ ಕಾಣದಿದ್ದ ಹಕ್ಕಿ ಸತ್ತಿರಬಹುದು, ಇಲ್ಲವೇ ನಾವು ನೋಡದ ಯಾವುದೋ ಕೆರೆಯಲ್ಲಿರಬಹುದು. ಹೀಗಾಗಿ ಬದುಕಿರುವ ಹಕ್ಕಿ ನಮ್ಮ ಕಣ್ಣಿಗೆ ಬೀಳುವ ಸಾಧ್ಯತೆ ಎಷ್ಟೆಂಬುದನ್ನೂ ಮರುದರ್ಶನಗಳಿಂದ (ಉಂಗುರ ತೊಟ್ಟ ಹಕ್ಕಿಯನ್ನು ಮತ್ತೆ ಕಂಡ ದಾಖಲೆಗಳಿಂದ) ಅಂದಾಜು ಮಾಡದೆ ಉಳಿವಿನ ಪ್ರಮಾಣವನ್ನು ಹೇಳಲಾಗದು. ಅದೂ ಕೈತುತ್ತಿನಲ್ಲಿ ಬೆಳೆದ ಮರಿಗಳ ಲೆಕ್ಕವೇ ಹೊರತು ಗೂಡಿನಲ್ಲೇ ಬೆಳೆದವುಗಳದ್ದಲ್ಲ. ಚಲನೆ ನಿಂತಾಗ ಸಂಕೇತ ಬದಲಿಸುವ ರೇಡಿಯೋ ಸಾಧನ ಸಾವನ್ನೂ ತಿಳಿಸೀತು, ಆದರೆ ಅದರ ಬೆಲೆಯೇ ಬೇರೆ; ಸಾಧನದ ತೂಕ ಹಕ್ಕಿಯ ತೂಕದ ಸುಮಾರು 3 ಪ್ರತಿಶತ ಮೀರಬಾರದೆಂಬ ರೂಢಿಯನ್ನೂ ಪಾಲಿಸಬೇಕು.

ಬಣ್ಣದ ಕೊಕ್ಕರೆಗೆ ಈ ಉಂಗುರವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಹೆಜ್ಜಾರ್ಲೆಗೆ ಮಾಡಲಾರೆ: ಅದರ ಕಾಲು ಗಿಡ್ಡ, ಈಜುವಾಗ ಉಂಗುರವೂ ನೀರಿನೊಳಗೇ ಇರುತ್ತದೆ, ದಡಕ್ಕೆ ಬಂದು ನಿಂತಾಗ ಓದಲು ಸಿಕ್ಕರೆ ಸಿಕ್ಕಿತು.