ಐಪಿಎಸ್ ಹಾಕಿದ ಗೇಮ್ ಬಾಯ್ ಅಡ್ವಾನ್ಸ್: ವರ್ಷಗಟ್ಲೆ ಆಡಿದ್ಮೇಲೆ ಬರೀತಿರೋ ರಿವ್ಯೂ

ಗೇಮ್ ಬಾಯ್ ಅಡ್ವಾನ್ಸ್ ಅಂದ್ರೆ ನಿಂಟೆಂಡೊದ ಕೈಲಿ ಹಿಡಿದು ಆಡೋ ಹಳೇ ಗೇಮ್ ಮಷೀನು, ಐಪಿಎಸ್ ಅಂದ್ರೆ ಅದಕ್ಕೆ ಹಾಕೋ, ಹಿಂದಿನಿಂದ ಬೆಳಕಿರೋ ಹೊಸ ಎಲ್‌ಸಿಡಿ ಸ್ಕ್ರೀನು. ಅದನ್ನ ಹಾಕಿದ ವಾರದಲ್ಲೇ ಬರೆಯೋ ರಿವ್ಯೂಗಳಲ್ಲೆಲ್ಲಾ ಒಂದೇ ಮಾತು, ಸಖತ್ ಬ್ರೈಟು, ಸಖತ್ ಶಾರ್ಪು, ಕಣ್ಮುಚ್ಕೊಂಡು ತಗೊಳ್ಳಿ ಅಂತ. ಸುಳ್ಳೇನಲ್ಲ, ಆದ್ರೆ ಹೊಸ ಸ್ಕ್ರೀನ್ ಹತ್ಕೊಂಡ ಖುಷಿಲಿ ಬೇರೆ ಏನೂ ಕಣ್ಣಿಗೆ ಬೀಳಲ್ಲ. ನನ್ನ ಗೇಮ್ ಬಾಯ್ ಅಡ್ವಾನ್ಸ್‌ಗೆ ಐಪಿಎಸ್ ಕಿಟ್ಟು, ಟ್ರಾನ್ಸ್‌ಪರೆಂಟ್ ಶೆಲ್ಲು (ಹೊರಗಿನ ಪ್ಲಾಸ್ಟಿಕ್ ಕವಚ), ಹೊಸ ಬಟನ್ನು, ಚಾರ್ಜ್ ಆಗೋ ಬ್ಯಾಟರಿ, ಬಟನ್ ಕೆಳಗೆ ಎಲ್‌ಇಡಿ, ಇಷ್ಟೂ ಒಂದೊಂದಾಗಿ ಹಾಕಿ ವರ್ಷಗಟ್ಲೆ ಆಡಿದೀನಿ, ಅದ್ರಲ್ಲಿ ಕೆಲವು ಇನ್ನೂ ಒಳಗಿವೆ ಕೆಲವು ಡಬ್ಬಿ ಸೇರಿವೆ. ಆಡೋಕೆ ಅಂತ ಮಾಡೋ ಮಾಡ್ (ಅಂದ್ರೆ ಮಷೀನಿಗೆ ಮಾಡೋ ಬದಲಾವಣೆ) ಬೇರೆ, ನಾಲ್ಕು ಜನಕ್ಕೆ ತೋರಿಸೋಕೆ ಅಂತ ಮಾಡೋ ಮಾಡ್ ಬೇರೆ, ಎರಡನ್ನೂ ಒಂದೇ ಮಷೀನಿಗೆ ತುರುಕಿದ್ರೆ ಎರಡೂ ಕೆಡುತ್ತೆ. ನಾನು ಹೇಳೋಕೆ ಹೊರಟಿರೋದು ಇದನ್ನೇ.

ಮೊದಲು ಮೂಲ ಮಷೀನಿನ ವಿಷ್ಯ. 2001ರಲ್ಲಿ ಬಂದಿದ್ದು, 16.78 ಮೆಗಾಹರ್ಟ್ಸ್‌ನ 32 ಬಿಟ್ ಆರ್ಮ್ ಪ್ರೊಸೆಸರ್, 240 ಬೈ 160 ಪಿಕ್ಸೆಲ್ ಕಲರ್ ಸ್ಕ್ರೀನ್, ಎರಡೇ ಎರಡು ಡಬಲ್ ಎ ಸೆಲ್ಲಲ್ಲಿ ಹತ್ತತ್ರ 15 ಗಂಟೆ ಓಡೋದು. ಬಾಡಿ ಡಿಸೈನ್ ಮಾಡಿದ್ದು ಟೋಕಿಯೋದಲ್ಲಿ ಸ್ಟುಡಿಯೋ ಇಟ್ಟಿದ್ದ ಫ್ರೆಂಚ್ ಡಿಸೈನರ್ ಗ್ವೆನಾಯೆಲ್ ನಿಕೋಲಾ, ಆ ಅಡ್ಡ ಶೇಪು ಕೈಲಿ ಕೂರೋ ರೀತಿಗೆ ಇವತ್ತೂ ಸಾಟಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಎಲ್ಲಾ ಚೆನ್ನಾಗಿ ಮಾಡಿ ಸ್ಕ್ರೀನಿಗೆ ಲೈಟೇ ಇಡ್ಲಿಲ್ಲ ಪುಣ್ಯಾತ್ಮರು. ಮೇಲಿಂದ ಬೆಳಕು ಬಿದ್ರೆ ಮಾತ್ರ ಚಿತ್ರ ಕಾಣೋದು, ರಾತ್ರಿ ಬಲ್ಬ್ ಕೆಳಗೆ ಕೂತು ಮಷೀನನ್ನ ಆ ಕಡೆ ಈ ಕಡೆ ವಾಲಿಸಿ ಆಡ್ಬೇಕು. ಮಷೀನ್ ಬಿಡುಗಡೆಯಾದಾಗ್ಲೇ ಬಂದ ಕ್ಯಾಸಲ್‌ವೇನಿಯಾ ಸರ್ಕಲ್ ಆಫ್ ದಿ ಮೂನ್ ಇದೆಯಲ್ಲ, ಆಟ ಒಳ್ಳೇದು, ಕಾಣೋದೇ ಇಲ್ಲ ಅಂತ ಆಗ್ಲೇ ಜನ ಬೈದಿದ್ರು.

2003ರಲ್ಲಿ ಬಂದ ಮಡಚೋ ಮಾಡೆಲ್ಲು ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ತಗೋಬಹುದಿತ್ತಲ್ಲ ಅಂತ ಕೇಳ್ತಾರೆ. ಅದ್ರಲ್ಲಿ ಲೈಟ್ ಇದೆ ನಿಜ, ಆದ್ರೆ ಮೊದಲನೇ ಮಾಡೆಲ್ಲು, ಅಂದ್ರೆ ಎಜಿಎಸ್ 001, ಅದಕ್ಕೆ ಮುಂದಿನಿಂದ ಬೆಳಕು ಬೀಳೋದು, ಬಣ್ಣ ಎಲ್ಲಾ ಮಾಸಿದ ಹಾಗೆ ಕಾಣುತ್ತೆ. 2005ರಲ್ಲಿ ಬಂದ 101ಗೆ ಹಿಂದಿನಿಂದ ಬೆಳಕು, ಅದು ಚೆನ್ನಾಗಿದೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಹಿಂದಿನ ಸ್ಟಿಕ್ಕರ್ ನಂಬ್ಕೊಂಡು ಮೋಸ ಹೋಗ್ಬೇಡಿ, ಸ್ಟಿಕ್ಕರ್ ಇರೋ ಶೆಲ್ಲನ್ನೇ ಬದಲಾಯಿಸಿರ್ತಾರೆ, ಲೈಟ್ ಬಟನ್ ಒತ್ತಿ ನೋಡಿ, ಬೆಳಕು ಪೂರ್ತಿ ಆರಿದ್ರೆ 001, ಕಮ್ಮಿ ಜಾಸ್ತಿ ಅಂತ ಎರಡು ಹಂತ ಇದ್ರೆ 101. ಆದ್ರೆ ಎಸ್‌ಪಿಲಿ ಹೆಡ್‌ಫೋನ್ ಜ್ಯಾಕೇ ಇಲ್ಲ, ಬೇರೆ ಅಡಾಪ್ಟರ್ ಬೇಕು, ಜೊತೆಗೆ ಆ ಚೌಕ ಮಷೀನನ್ನ ಸ್ವಲ್ಪ ಹೊತ್ತು ಹಿಡ್ಕೊಂಡ್ರೆ ನನ್ನ ಬೆರಳು ಮರಗಟ್ಟುತ್ತೆ. ಅದಕ್ಕೇ ಹಳೇ ಅಡ್ಡ ಮಾಡೆಲ್ಲೇ ಸಾಕು, ಅದಕ್ಕೆ ಸ್ಕ್ರೀನ್ ಹಾಕೋಣ ಅಂತ ಹೊರಟಿದ್ದು.

ಈಗ ಕಿಟ್ಟು. ಇದ್ರಲ್ಲಿರೋ ಪ್ಯಾನೆಲ್ 720 ಬೈ 480, ಅಂದ್ರೆ ಒರಿಜಿನಲ್‌ನ ಒಂದೊಂದು ಪಿಕ್ಸೆಲ್ಲಿಗೆ ಅಡ್ಡ ಮೂರು ಉದ್ದ ಮೂರು ಪಿಕ್ಸೆಲ್ ಲೆಕ್ಕ ಸರಿಯಾಗಿ ಕೂರುತ್ತೆ, ಎಲ್ಲೂ ಎಳೆದು ಬಿಟ್ಟ ಹಾಗೆ ಕಾಣಲ್ಲ. ಹಾಕೋದೂ ಕಷ್ಟ ಇಲ್ಲ, ಮೂರು ಮೂಲೆಯ ಟ್ರೈ ವಿಂಗ್ ಸ್ಕ್ರೂಡ್ರೈವರ್ ಒಂದು ಬೇಕೇ ಬೇಕು. ಬೋರ್ಡಲ್ಲಿ ಸ್ಕ್ರೀನ್ ಕನೆಕ್ಟರ್ 32 ಪಿನ್ನೋ 40 ಪಿನ್ನೋ ಅಂತ ಮೊದಲೇ ಬಿಚ್ಚಿ ನೋಡ್ಕೊಳ್ಳಿ, ಎರಡೂ ಥರದ ಬೋರ್ಡ್ ಬಂದಿವೆ, ಎರಡಕ್ಕೂ ರಿಬ್ಬನ್ ಕೇಬಲ್ ಕೊಡೋ ಕಿಟ್ ತಗೊಂಡ್ರೆ ತಲೆನೋವಿಲ್ಲ. ಬ್ರೈಟ್‌ನೆಸ್ ಬಟನ್ನಿಂದ ಬದಲಾಗ್ಬೇಕು ಅಂದ್ರೆ ಸಣ್ಣ ವೈರ್‌ಗಳನ್ನ ಸೋಲ್ಡರ್ ಮಾಡ್ಬೇಕು, ಮಾಡ್ದೇ ಇದ್ರೂ ಸ್ಕ್ರೀನ್ ಹತ್ಕೊಳುತ್ತೆ. ಒರಿಜಿನಲ್ ಶೆಲ್ಲಲ್ಲೇ ಕೂರಿಸ್ಬೇಕು ಅಂತಿದ್ರೆ ಒಳಗಿನ ಪ್ಲಾಸ್ಟಿಕ್ ಸ್ವಲ್ಪ ಕತ್ತರಿಸ್ಬೇಕು, ಅಲ್ಲಿ ಮಾತ್ರ ದಯವಿಟ್ಟು ನಿಂತು ಯೋಚ್ನೆ ಮಾಡಿ, ಯಾಕಂದ್ರೆ ಇಡೀ ಕೆಲಸದಲ್ಲಿ ವಾಪಸ್ ತರೋಕಾಗ್ದೇ ಇರೋದು ಅದೊಂದೇ. ಐಪಿಎಸ್‌ಗೆ ಅಂತಲೇ ಮಾಡಿರೋ ಶೆಲ್ ಸಿಗುತ್ತೆ, ಅದನ್ನ ಹಾಕಿ ಹಳೇದನ್ನ ಹಾಗೇ ಎತ್ತಿಡಿ.

ಆಟ ಹೇಗಿದೆ? ಸರ್ಕಲ್ ಆಫ್ ದಿ ಮೂನ್ ಈಗ ನಿಜಕ್ಕೂ ಆಡೋ ಹಾಗಿದೆ, ಗೋಡೆ ಮೇಲಿನ ಇಟ್ಟಿಗೆ ಕೂಡ ಕಾಣುತ್ತೆ ಗುರು. ಆದ್ರೆ ಅದ್ರ ಮುಂದಿನ ವರ್ಷ ಬಂದ ಹಾರ್ಮನಿ ಆಫ್ ಡಿಸೊನೆನ್ಸ್ ಹಾಕಿದ್ರೆ ಕಣ್ಣು ಚುಚ್ಚುತ್ತೆ, ಯಾಕಂದ್ರೆ ಮೊದಲನೇದು ಕಾಣಲ್ಲ ಅಂತ ಜನ ಬೈದಿದ್ದಕ್ಕೆ ಅದ್ರಲ್ಲಿ ಬಣ್ಣ ಎಲ್ಲಾ ಜೋರಾಗಿ ಹಾಕಿ, ಹೀರೋ ಸುತ್ತ ನೀಲಿ ಗೆರೆ ಬೇರೆ ಎಳೆದ್ರು. ಮಬ್ಬು ಸ್ಕ್ರೀನಲ್ಲಿ ಹದವಾಗಿ ಕಾಣ್ಲಿ ಅಂತ ಹಾಕಿದ ಬಣ್ಣ, ಬ್ರೈಟ್ ಸ್ಕ್ರೀನಲ್ಲಿ ಅತಿ ಆಗುತ್ತೆ. ಎಷ್ಟೋ ಆಟಗಳಲ್ಲಿ ಇದೇ ಕಥೆ, ಆಗ ಆಟ ಮಾಡಿದವ್ರು ಆ ಕೆಟ್ಟ ಸ್ಕ್ರೀನಿಗೆ ಲೆಕ್ಕ ಹಾಕಿ ಮಾಡಿದ್ರು. ನೆರಳು, ಹೊಗೆ, ಪಾರದರ್ಶಕ ವಸ್ತು ತೋರಿಸೋಕೆ ಒಂದು ಫ್ರೇಮ್ ಬಿಟ್ಟು ಒಂದು ಫ್ರೇಮ್ ಚಿತ್ರ ಮಿಣುಕಿಸೋ ಟ್ರಿಕ್ ಕೂಡ ಹಾಗೇ, ಹಳೇ ಎಲ್‌ಸಿಡಿ ನಿಧಾನ ಇದ್ದಿದ್ರಿಂದ ಅದು ಕಲಸಿ ನೆರಳಿನ ಥರ ಕಾಣ್ತಿತ್ತು, ಐಪಿಎಸ್ ಚುರುಕು, ಅದ್ರಲ್ಲಿ ಬರೀ ಮಿಣುಕಾಟ ಕಾಣುತ್ತೆ. ನಂಗೆ ಇದ್ರಿಂದ ಆಟ ನಿಲ್ಸೋವಷ್ಟು ಬೇಜಾರಾಗಿಲ್ಲ. ಬೇಜಾರಾಗೋರು ಇದಾರೆ, ಅವ್ರ ಜೊತೆ ನಾನು ವಾದ ಮಾಡಲ್ಲ.

ಐಪಿಎಸ್ ಪೂರ್ತಿ ಸೋಲೋದು ಒಂದೇ ಆಟದಲ್ಲಿ, ಬೊಕ್ತಾಯ್. 2003ರದ್ದು, ಆಟ ತುಂಬಿರೋ ಕಾರ್ಟ್ರಿಡ್ಜ್ ಮೇಲೇ ಬಿಸಿಲು ಅಳೆಯೋ ಸೆನ್ಸರ್ ಇದೆ, ರಕ್ತಪಿಶಾಚಿಗಳನ್ನ ಹೊಡಿಯೋಕೆ ನೀವು ನಿಜವಾಗ್ಲೂ ಬಿಸಿಲಿಗೆ ಹೋಗಿ ನಿಲ್ಬೇಕು. ಬಿಸಿಲಲ್ಲಿ ಐಪಿಎಸ್ ಮೇಲೆ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣಲ್ಲ, ಹಳೇ ಸ್ಕ್ರೀನ್ ಮಾತ್ರ ಅಲ್ಲೇ ಅರಳುತ್ತೆ. ಇದೊಂದು ಆಟಕ್ಕೋಸ್ಕರ ನಾನು ಇನ್ನೊಂದು ಮಷೀನನ್ನ ಮುಟ್ಟದೆ ಹಾಗೇ ಇಟ್ಟಿದೀನಿ, ಹುಚ್ಚು ಅಂತ ಅನ್ಕೊಳ್ಳಿ ಪರವಾಗಿಲ್ಲ.

ಕರೆಂಟಿನ ವಿಷ್ಯ ಯಾರೂ ಸರಿಯಾಗಿ ಹೇಳಲ್ಲ, ಅದಕ್ಕೆ ಇದನ್ನ ಸ್ವಲ್ಪ ಉದ್ದ ಬರೀತೀನಿ. ಬ್ಯಾಕ್‌ಲೈಟ್ ಅಂದ್ಮೇಲೆ ಕರೆಂಟ್ ಜಾಸ್ತಿ ಎಳೆಯುತ್ತೆ, ಆ 15 ಗಂಟೆ ಮರ್ತುಬಿಡಿ, ಬ್ರೈಟ್‌ನೆಸ್ ಪೂರ್ತಿ ಏರಿಸಿದ್ರಂತೂ ಅರ್ಧಕ್ಕೂ ಎಷ್ಟೋ ಕಮ್ಮಿ. ರೀಚಾರ್ಜಬಲ್ ಸೆಲ್ ಹಾಕಿದ್ರೆ ಮಷೀನಿನ ಹಸಿರು ಪವರ್ ಲೈಟ್ ಬೇಗ ಕೆಂಪಾಗುತ್ತೆ, ಗಾಬರಿ ಬೇಡ, ಅವು 1.2 ವೋಲ್ಟ್, ಮಷೀನ್ ಲೆಕ್ಕ ಹಾಕ್ಕೊಂಡಿರೋದು 1.5 ವೋಲ್ಟಿನ ಆಲ್ಕಲೈನ್‌ಗೆ, ಕೆಂಪಾದ್ಮೇಲೂ ಎಷ್ಟೋ ಹೊತ್ತು ಓಡುತ್ತೆ. ಆದ್ರೆ ಆಟ ಆಡ್ತಾ ಆಡ್ತಾ ಮಷೀನ್ ತಾನಾಗೇ ರೀಸ್ಟಾರ್ಟ್ ಆಗ್ತಿದ್ರೆ ಕಿಟ್ಟನ್ನ ಬೈಯೋ ಮೊದಲು ಪವರ್ ಸ್ವಿಚ್ ನೋಡಿ. ಇಪ್ಪತ್ತು ವರ್ಷ ದಾಟಿದ ಸ್ವಿಚ್ಚು, ಒಳಗೆ ಕಿಲುಬು ಹಿಡಿದಿರುತ್ತೆ, ಹಳೇ ಸ್ಕ್ರೀನ್ ಎಳೀತಿದ್ದ ಕರೆಂಟಿಗೆ ಅದು ಸಾಕಾಗ್ತಿತ್ತು, ಐಪಿಎಸ್ ಎಳೆಯೋವಷ್ಟು ಅದ್ರಲ್ಲಿ ಹರಿದಾಗ ಅಲ್ಲೇ ವೋಲ್ಟೇಜ್ ಬಿದ್ದುಹೋಗಿ ಬೋರ್ಡಿಗೆ ಕಮ್ಮಿ ಸಿಗುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಬಿಟ್ಟು ಸ್ವಿಚ್ಚನ್ನ ಆ ಕಡೆ ಈ ಕಡೆ ಸುಮಾರು ಸಲ ಆಡ್ಸಿ, ಒಣಗೋಕೆ ಬಿಡಿ. ಸೆಲ್ ಕೂರೋ ಜಾಗದ ತಗಡುಗಳನ್ನೂ ಒರೆಸಿ. ನನ್ನ ಮಷೀನು ರೀಸ್ಟಾರ್ಟ್ ಆಗೋದು ಇದ್ರಿಂದಲೇ ನಿಂತಿದ್ದು, ಕಿಟ್ ಕೆಟ್ಟಿದೆ ಅಂತ ಬರೆಯೋರಲ್ಲಿ ಅರ್ಧ ಜನರದ್ದು ಇದೇ ಕಾಯಿಲೆ ಅಂತ ನನ್ನ ಗುಮಾನಿ.

ಸೌಂಡು? ಸ್ವಲ್ಪ ಕುಯ್ಯ್ ಅನ್ನುತ್ತೆ. ಮೂಲ ಮಷೀನಿನ ಸೌಂಡೇ ಅಷ್ಟೇನೂ ಶುದ್ಧ ಇಲ್ಲ, ಐಪಿಎಸ್ ಹಾಕಿದ್ಮೇಲೆ ಹೆಡ್‌ಫೋನಲ್ಲಿ ಅದು ಇನ್ನೂ ಜಾಸ್ತಿ ಗೊತ್ತಾಗುತ್ತೆ, ಬ್ರೈಟ್‌ನೆಸ್ ಇಳಿಸಿದ್ರೆ ದನಿ ಬದಲಾಗುತ್ತೆ. ಸ್ಪೀಕರಲ್ಲಿ ಆಡೋರಿಗೆ ಸಮಸ್ಯೆ ಅಲ್ಲ.

ಶೆಲ್ಲು, ಬಟನ್ನು ಕಡೆ ಬರೋಣ. ಟ್ರಾನ್ಸ್‌ಪರೆಂಟ್ ಶೆಲ್ ನೋಡೋಕೆ ಚಂದ, ಅದ್ರಲ್ಲಿ ಎರಡನೇ ಮಾತಿಲ್ಲ. ಆದ್ರೆ ಹೊಸ ಶೆಲ್‌ಗಳಲ್ಲಿ ಸ್ಕ್ರೂ ಕೂರೋ ಕಂಬಗಳು ಮೆತ್ತಗಿರ್ತವೆ, ನಾಲ್ಕು ಸಲ ಬಿಚ್ಚಿ ಹಾಕಿದ್ರೆ ಹಲ್ಲು ಸವೆದು ಸ್ಕ್ರೂ ಸುಮ್ನೆ ಸುತ್ತುತ್ತೆ. ಸ್ಕ್ರೂ ಇಟ್ಟ ತಕ್ಷಣ ಬಿಗಿ ಮಾಡ್ಬೇಡಿ, ಮೊದಲು ಉಲ್ಟಾ ತಿರುಗಿಸಿ, ಟಕ್ ಅಂತ ಹಳೇ ಹಲ್ಲಿಗೆ ಬಿದ್ದಿದ್ದು ಬೆರಳಿಗೆ ಗೊತ್ತಾಗುತ್ತೆ, ಆಮೇಲೆ ಬಿಗಿ ಮಾಡಿ. ಬಟನ್ ಪ್ಲಾಸ್ಟಿಕ್ ಯಾವ ಬಣ್ಣದ್ದಾದ್ರೂ ಹಾಕೊಳ್ಳಿ, ಅದ್ರ ಕೆಳಗಿನ ರಬ್ಬರ್ ಪ್ಯಾಡ್ ಮಾತ್ರ ಒರಿಜಿನಲ್ಲೇ ಇರ್ಲಿ. ಶೆಲ್ ಜೊತೆ ಬರೋ ಪ್ಯಾಡಲ್ಲಿ ಡಿ ಪ್ಯಾಡ್ (ದಿಕ್ಕಿನ ಬಟನ್) ಮೇಲಕ್ಕೆ ಒತ್ತಿದ್ರೆ ಪಕ್ಕಕ್ಕೂ ಒತ್ತಿದ ಹಾಗಾಗೋದು, ಹಳೇ ರಬ್ಬರ್ ತೊಳೆದು ವಾಪಸ್ ಹಾಕಿದ್ಮೇಲೆ ಸರಿಹೋಯ್ತು.

ಇನ್ನು ಶೋಕಿ ಸಾಮಾನು. ಬಟನ್ ಕೆಳಗಿನ ಎಲ್‌ಇಡಿ, ಫೋಟೋದಲ್ಲಿ ನೋಡಿದವ್ರೆಲ್ಲಾ ಕೇಳೋದು ಇದನ್ನೇ, ಲೈಕ್ ಬೀಳೋದೂ ಇದಕ್ಕೇ. ಕತ್ತಲಲ್ಲಿ ಆಡುವಾಗ ಹೆಬ್ಬೆರಳ ಸಂದಿಯಿಂದ ಕಣ್ಣಿಗೆ ಹೊಡೆಯುತ್ತೆ, ಈಗಾಗ್ಲೇ ಬಡವಾಗಿರೋ ಸೆಲ್‌ನಿಂದ ಇನ್ನಷ್ಟು ಹೀರುತ್ತೆ, ಬಟನ್ ಒತ್ತೋದೂ ಗಟ್ಟಿಯಾಗುತ್ತೆ. ತೆಗೆದು ಡಬ್ಬಿಗೆ ಹಾಕಿದೀನಿ. ಯುಎಸ್‌ಬಿ ಸಿ ಇಂದ ಚಾರ್ಜ್ ಆಗೋ ಲಿಥಿಯಂ ಬ್ಯಾಟರಿ ಬಗ್ಗೆ ಅಷ್ಟು ಕಟುವಾಗಿ ಹೇಳೋಕಾಗಲ್ಲ, ದಿನಾ ಆಡೋರಿಗೆ ಆರಾಮು, ವೋಲ್ಟೇಜೂ ಗಟ್ಟಿಯಾಗಿ ಸಿಗುತ್ತೆ, ಮೇಲೆ ಹೇಳಿದ ಕೆಂಪು ಲೈಟಿನ ತಕರಾರೂ ಇಲ್ಲ. ಆದ್ರೆ ಶೆಲ್ಫಲ್ಲಿ ಇಟ್ಟು ತಿಂಗಳಿಗೊಂದ್ಸಲ ನೋಡೋ ಮಷೀನಿಗೆ ಇದು ಬೇಡ್ವೇ ಬೇಡ, ಪೂರ್ತಿ ಖಾಲಿಯಾಗಿ ಬಿದ್ದಿದ್ರೂ ಹಾಳು, ಪೂರ್ತಿ ತುಂಬಿಸಿ ವರ್ಷಗಟ್ಲೆ ಬಿಟ್ರೂ ಹಾಳು, ಉಬ್ಬಿದ್ರಂತೂ ಶೆಲ್ಲೇ ಬಾಯಿ ಬಿಡುತ್ತೆ. ಮಾಮೂಲಿ ಸೆಲ್ಲನ್ನ ಕೈಲಿ ತೆಗೆದಿಡಬಹುದು, ಅಷ್ಟು ಸುಲಭ ಯಾವುದೂ ಇಲ್ಲ. ತೆಗೆದಿಡಿ ಮಾತ್ರ, ಆಲ್ಕಲೈನ್ ಸೋರಿ ತಗಡು ತಿಂದುಹಾಕಿರೋ ಮಷೀನುಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಕಾದಷ್ಟು ಸಿಗ್ತವೆ.

ತೋರಿಸೋದು ತಪ್ಪು ಅಂತ ನಾನು ಹೇಳ್ತಿಲ್ಲ, ನಂಗೂ ಅಕ್ರಿಲಿಕ್ ಸ್ಟ್ಯಾಂಡ್ ಮೇಲೆ ಸಾಲಾಗಿ ನಿಲ್ಸಿ ಫೋಟೋ ಹೊಡಿಯೋ ಚಟ ಇದೆ, ಬಂದವ್ರು ಕೈಗೆತ್ಕೊಂಡು ಅಯ್ಯೋ ಇದು ಇನ್ನೂ ಓಡುತ್ತಾ ಅಂತ ಕೇಳಿದ್ರೆ ಎದೆ ಉಬ್ಬುತ್ತೆ. ಅದಕ್ಕೆ ಬೇರೆ ಮಷೀನಿಡಿ ಅಂತಷ್ಟೇ ಹೇಳ್ತಿರೋದು. ಬೋರ್ಡ್ ಸತ್ತಿರೋ ಮಷೀನ್ ಯಾರಾದ್ರೂ ಮಾರ್ತಿದ್ರೆ ಅದನ್ನ ಶೋಕೇಸಿಗೆ ತಗೊಳ್ಳಿ, ಅದಕ್ಕೆ ಬೇಕಾದ ಬಣ್ಣದ ಶೆಲ್ ಹಾಕಿ ಮೆರೆಸಿ. ಕಿಟಕಿ ಪಕ್ಕ ಮಾತ್ರ ಇಡ್ಬೇಡಿ, ಬಿಸಿಲಿಗೆ, ಶಾಖಕ್ಕೆ ಎಬಿಎಸ್ ಪ್ಲಾಸ್ಟಿಕ್ ಹಳದಿ ತಿರುಗುತ್ತೆ, ಹಳೇ ಸೂಪರ್ ನಿಂಟೆಂಡೊಗಳಲ್ಲಿ ಮೇಲಿನ ಅರ್ಧ ಒಂದು ಬಣ್ಣ ಕೆಳಗಿನ ಅರ್ಧ ಇನ್ನೊಂದು ಬಣ್ಣ ಆಗಿರೋದನ್ನ ನೋಡಿರ್ತೀರ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಅಲ್ಟ್ರಾವಯಲೆಟ್ ಬೆಳಕಲ್ಲಿಟ್ಟು ಬಿಳಿ ಮಾಡೋ ರೆಟ್ರೋಬ್ರೈಟ್ ಇದೆ, ಮಾಡಿದ ಮೇಲೂ ಮತ್ತೆ ಹಳದಿ ತಿರುಗಿರೋ ಉದಾಹರಣೆ ಬೇಕಾದಷ್ಟಿವೆ, ಹಚ್ಚಿದ್ದು ಸಮ ಆಗ್ಲಿಲ್ಲ ಅಂದ್ರೆ ಮೈಮೇಲೆ ತೊನ್ನು ಬಂದ ಹಾಗೆ ಪಟ್ಟೆ ಪಟ್ಟೆ.

ಕೊನೇದಾಗಿ ಕಾರ್ಟ್ರಿಡ್ಜು, ಯಾಕಂದ್ರೆ ಸ್ಕ್ರೀನಿಗೆ ಇಷ್ಟೆಲ್ಲಾ ಮಾಡಿ ಒಳಗೆ ಹಾಕೋದು ಡೂಪ್ಲಿಕೇಟ್ ಆದ್ರೆ ಏನು ಬಂತು. ಒರಿಜಿನಲ್ ಅಡ್ವಾನ್ಸ್ ಕಾರ್ಟ್ರಿಡ್ಜಲ್ಲಿ ಕೆಳಗಿನ ಪಿನ್‌ಗಳ ಮೇಲ್ಗಡೆ ಬೋರ್ಡ್ ಮೇಲೆ ನಿಂಟೆಂಡೊ ಅಂತ ಪ್ರಿಂಟ್ ಆಗಿರೋದು ಇಣುಕಿದ್ರೆ ಕಾಣುತ್ತೆ, ಮುಂದಿನ ಲೇಬಲ್ ಮೇಲೆ ಒತ್ತಿದ ಅಂಕಿ ಇರುತ್ತೆ, ಓರೆ ಬೆಳಕಲ್ಲಿ ಹಿಡಿದ್ರೆ ಗೊತ್ತಾಗುತ್ತೆ. ಪೋಕೆಮಾನ್ ರೂಬಿ, ಸಫೈರ್, ಎಮರಾಲ್ಡ್ ಹಾಕಿದ ತಕ್ಷಣ ಒಳಗಿನ ಬ್ಯಾಟರಿ ಮುಗಿದಿದೆ ಅಂತ ಬಂದ್ರೆ ಬೇಸರ ಮಾಡ್ಕೋಬೇಡಿ, ಅದು ಗಡಿಯಾರಕ್ಕಿರೋ ಸಿಆರ್ 1616 ಬ್ಯಾಟರಿ, ಸೇವ್ ಇರೋದು ಫ್ಲಾಶ್ ಮೆಮೊರಿಲಿ, ಬರೀ ಗಿಡದಲ್ಲಿ ಬೆರ್ರಿ ಬೆಳೆಯೋದಂಥ ಟೈಮಿನ ಕೆಲಸ ನಿಲ್ಲುತ್ತೆ ಅಷ್ಟೇ. ಅದೇ ಮಷೀನಲ್ಲಿ ಓಡೋ ಹಳೇ ಪೋಕೆಮಾನ್ ಗೋಲ್ಡ್, ಸಿಲ್ವರ್ ಹಾಗಲ್ಲ, ಅದ್ರಲ್ಲಿ ಸೇವ್ ಬದುಕಿರೋದೇ ಬ್ಯಾಟರಿ ಮೇಲೆ, ಅದು ಸತ್ತ ದಿನ ನಿಮ್ಮ ಹಳೇ ಸೇವ್ ಕೂಡ ಹೋಯ್ತು. ಇನ್ನೂ ಬದುಕಿದ್ರೆ ಈಗ್ಲೇ ಕಾರ್ಟ್ರಿಡ್ಜ್ ರೀಡರಲ್ಲಿ ಸೇವನ್ನ ಕಂಪ್ಯೂಟರಿಗೆ ಇಳಿಸ್ಕೊಂಡು, ಆಮೇಲೆ ತಗಡಿನ ಕಾಲು ವೆಲ್ಡ್ ಆಗಿ ಬರೋ ಬ್ಯಾಟರಿ ತಂದು ಸೋಲ್ಡರ್ ಮಾಡಿ. ಟೇಪ್ ಅಂಟಿಸಿ ಕೂರ್ಸೋ ವಿಡಿಯೋಗಳನ್ನ ನೋಡ್ಬೇಡಿ, ಕಾರ್ಟ್ರಿಡ್ಜ್ ಒಂದ್ಸಲ ಕೈಜಾರಿ ಬಿದ್ರೂ ಕನೆಕ್ಷನ್ ತಪ್ಪುತ್ತೆ, ಆ ಒಂದು ಕ್ಷಣ ಸಾಕು ಸೇವ್ ಅಳಿಸಿಹೋಗೋಕೆ.