ಮೂರು ಮಳೆಗಾಲ ಕಂಡ ಸ್ಕೂಲ್ ಬ್ಯಾಗ್

ಮಗ ಎಂಟನೇ ಕ್ಲಾಸಿಗೆ ಸೇರಿದ ವರ್ಷ, 2022ರ ಮೇ ತಿಂಗಳಲ್ಲಿ, ಅವನಿಗೆ 750 ರೂಪಾಯಿಯ ಒಂದು ಬ್ಯಾಗ್ ಕೊಡಿಸಿದ್ದೆ. ಗಣೇಶನ ಹಬ್ಬದ ಹೊತ್ತಿಗೆ ಅದರ ಬಲಗಡೆಯ ಬೆಲ್ಟ್ ಕಿತ್ತು ಬಂತು. ಅದೂ ಬಸ್ ಸ್ಟ್ಯಾಂಡಿನಲ್ಲಿ, ಸುರಿಯುವ ಮಳೆಯಲ್ಲಿ. ಒದ್ದೆ ಪುಸ್ತಕಗಳನ್ನು ಅಪ್ಪಿಕೊಂಡು ಮನೆಗೆ ಬಂದವನ ಮುಖ ನೋಡಿ ಹೊಟ್ಟೆ ಚುರ್ ಅಂದಿತು. ಅಂಗಡಿಗೆ ತೆಗೆದುಕೊಂಡು ಹೋದರೆ, "ಬೆಲ್ಟು, ಜಿಪ್ಪು ವಾರಂಟಿಗೆ ಬರಲ್ಲಮ್ಮ" ಅಂದುಬಿಟ್ಟರು.

ಆ ವರ್ಷದ ದಸರಾ ರಜೆಯಲ್ಲಿ 1,950 ರೂಪಾಯಿ ಕೊಟ್ಟು ತಂದ ಬ್ಯಾಗ್ ಇವತ್ತಿಗೂ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಈಗ ಪಿಯುಸಿಗೂ ಅದನ್ನೇ ಹಾಕಿಕೊಂಡು ಹೋಗುತ್ತಿದ್ದಾನೆ. ನಮ್ಮದು ಸಾಗರದ ಹತ್ತಿರದ ಹಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಕಷ್ಟ. ಅಂಥಾ ಮೂರು ಮಳೆಗಾಲವನ್ನು ಈ ಬ್ಯಾಗ್ ದಾಟಿದೆ. ಆ ಮಾಡೆಲ್ ಈಗ ಅಂಗಡಿಯಲ್ಲಿ ಸಿಗುತ್ತಿಲ್ಲ, ಹಾಗಾಗಿ ಹೆಸರು ಹೇಳಿ ಉಪಯೋಗವಿಲ್ಲ. ಇದು ಯಾಕೆ ಬಾಳಿಕೆ ಬಂತು ಅನ್ನುವುದನ್ನು ಬರೆಯುತ್ತೇನೆ. ಬ್ಯಾಗ್ ಕೊಳ್ಳಲು ಹೊರಟವರಿಗೆ ಅದೇ ಬೇಕಾಗಿರುವುದು ಅಲ್ವಾ?

ಹಳೇ ಬ್ಯಾಗ್ ಕಿತ್ತ ಜಾಗವನ್ನು ಬೆಳಕಿಗೆ ಹಿಡಿದು ನೋಡಿದ್ದೆ. ಬೆಲ್ಟಿನ ತುದಿಯನ್ನು ಎರಡು ಬಟ್ಟೆಯ ಅಂಚಿನ ನಡುವೆ ಸಿಕ್ಕಿಸಿ ಒಂದೇ ಸಾಲು ಹೊಲಿಗೆ ಹಾಕಿದ್ದರು. ಒಳಗೆ ಬಿಟ್ಟಿದ್ದ ಅಂಚು ಅರ್ಧ ಬೆರಳಿನಷ್ಟೂ ಇರಲಿಲ್ಲ. ಅಂಚಿಗೆ ಪಟ್ಟಿ ಕಟ್ಟಿರಲಿಲ್ಲ, ಎಳೆಗಳು ಬಿಚ್ಚಿಕೊಂಡು ಜೋಳದ ತೆನೆಯ ಕೂದಲಿನ ಹಾಗೆ ನಿಂತಿದ್ದವು. ಹೊಲಿಗೆಯ ದಾರ ಗಟ್ಟಿಯಾಗೇ ಇತ್ತು. ಅದು ಹಿಡಿದಿದ್ದ ಬಟ್ಟೆಯೇ ಜಾರಿ ಹೋಗಿತ್ತು. ಹುಡುಗರು ಬ್ಯಾಗನ್ನು ಒಂದೇ ಬೆಲ್ಟ್ ಹಿಡಿದು ಎತ್ತಿ ಹೆಗಲಿಗೆ ಎಸೆದುಕೊಳ್ಳುತ್ತಾರೆ. ಅಷ್ಟೂ ಭಾರ ಆ ಎರಡು ಮೂರು ಇಂಚಿನ ಹೊಲಿಗೆ ಮೇಲೆ ಬೀಳುತ್ತದೆ, ದಿನಕ್ಕೆ ಹತ್ತಾರು ಸಲ.

ಎರಡನೇ ಸಲ ಅಂಗಡಿಗೆ ಹೋದಾಗ ಮೊದಲು ಮಾಡಿದ ಕೆಲಸ ಬ್ಯಾಗಿನ ಜಿಪ್ ಪೂರ್ತಿ ತೆಗೆದು ಒಳಮೈ ಹೊರಗೆ ಮಾಡಿ ನೋಡಿದ್ದು. ಅಂಗಡಿಯವರು ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಬೇಡ. ಎಲ್ಲಾ ಅಂಚಿಗೂ ಪಟ್ಟಿ ಕಟ್ಟಿ ಹೊಲಿದಿರಬೇಕು. ಬೆಲ್ಟಿನ ಮೇಲ್ತುದಿಗೆ ಬೇರೆಯೇ ಒಂದು ಬಟ್ಟೆ ತುಂಡು ಕೊಟ್ಟು, ಚೌಕಾಕಾರದ ಹೊಲಿಗೆ ಹಾಕಿ, ಅದರೊಳಗೆ ಇಂಟು ಮಾರ್ಕ್ ಹೊಲಿದಿದ್ದರೆ ತುಂಬಾ ಒಳ್ಳೆಯದು. ನಮ್ಮ ಬ್ಯಾಗಿನಲ್ಲಿ ಹಾಗೇ ಇದೆ. ಬೆಲ್ಟಿನ ಕೆಳತುದಿಗೆ ತ್ರಿಕೋನದ ತುಂಡು ಕೊಟ್ಟು ಒತ್ತೊತ್ತಾಗಿ ಹೊಲಿದಿದ್ದಾರೆ. ಮೂರು ವರ್ಷದಲ್ಲಿ ಒಂದೆಳೆಯೂ ಬಿಟ್ಟಿಲ್ಲ.

ಲೇಬಲ್ ಮೇಲೆ 600 ಡಿ, 900 ಡಿ ಅಂತ ಬರೆದಿರುತ್ತಾರೆ. ಡಿ ಅಂದರೆ ಡೆನಿಯರ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಆ ಸಂಖ್ಯೆ. ನೂಲು ಎಷ್ಟು ದಪ್ಪ ಅಂತ ಅದು ಹೇಳುತ್ತದೆ ಅಷ್ಟೆ. ಹೊಲಿಗೆ ಕೆಟ್ಟದಾಗಿದ್ದರೆ ಎಷ್ಟು ಡಿ ಇದ್ದೂ ಪ್ರಯೋಜನವಿಲ್ಲ. ನಮ್ಮ ಹಳೇ ಬ್ಯಾಗೂ 600 ಡಿಯದೇ ಆಗಿತ್ತು!

ಜಿಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಜಿಪ್‌ಗೆ ನಂಬರ್ ಇರುತ್ತದೆ: 3, 5, 8, 10. ಮುಚ್ಚಿದಾಗ ಹಲ್ಲಿನ ಸಾಲು ಸುಮಾರು ಅಷ್ಟು ಮಿಲಿಮೀಟರ್ ಅಗಲ ಅಂತ ಲೆಕ್ಕ. ಪುಸ್ತಕ ಇಡುವ ದೊಡ್ಡ ಅರೆಗೆ 8 ಅಥವಾ 10 ಇರಲಿ. ಎಷ್ಟೋ ಸಲ ರನ್ನರ್ ಹಿಂಬದಿಯಲ್ಲಿ ನಂಬರ್ ಕೊರೆದಿರುತ್ತದೆ, ತಿರುಗಿಸಿ ನೋಡಿ. ಎರಡನೇ ವರ್ಷ ನಮ್ಮ ಬ್ಯಾಗಿನ ಜಿಪ್ ಬಾಯಿ ಬಿಡಲು ಶುರುವಾಯಿತು. ಎಳೆದರೆ ಮುಂದೆ ಹೋಗುತ್ತದೆ, ಹಿಂದೆ ಬಿಚ್ಚಿಕೊಳ್ಳುತ್ತದೆ. ಇನ್ನು ಬ್ಯಾಗಿನ ಕಥೆ ಮುಗೀತು ಅಂದುಕೊಂಡು ಪೇಟೆಯಲ್ಲಿ ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ಹೋದೆ. ಅವರು ಬೆರಳಿನಿಂದ ಹಲ್ಲು ಸವರಿ ನೋಡಿ, "ಅಕ್ಕಾ, ಜಿಪ್ ಚೆನ್ನಾಗೇ ಇದೆ. ರನ್ನರ್ ಸವೆದಿದೆ ಅಷ್ಟೆ" ಅಂದರು. ಹತ್ತು ನಿಮಿಷದಲ್ಲಿ ಹೊಸ ರನ್ನರ್ ಹಾಕಿ 40 ರೂಪಾಯಿ ತೆಗೆದುಕೊಂಡರು. ಇವತ್ತಿಗೂ ಅದೇ ಓಡುತ್ತಿದೆ. ಮಣ್ಣು, ಮರಳು ಕೂತರೆ ರನ್ನರ್ ಬೇಗ ಸವೆಯುತ್ತದಂತೆ. ಈಗ ತಿಂಗಳಿಗೊಮ್ಮೆ ಹಳೇ ಟೂತ್‌ಬ್ರಷ್‌ನಲ್ಲಿ ಹಲ್ಲು ಉಜ್ಜಿ, ಮೋಂಬತ್ತಿ ಸವರುತ್ತೇನೆ.

ವಾಟರ್‌ಪ್ರೂಫ್ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಬಟ್ಟೆಯ ಒಳಗಡೆ ತೆಳ್ಳಗೆ ಒಂದು ಲೇಪ ಇರುತ್ತದೆ, ಅದು ನೀರು ತಡೆಯುತ್ತದೆ. ಆದರೆ ಸೂಜಿ ಹೋದ ಪ್ರತಿ ತೂತಿನಲ್ಲೂ, ಜಿಪ್ಪಿನ ಸಾಲಿನಲ್ಲೂ ನೀರು ಇಳಿಯುತ್ತದೆ. ಮಲೆನಾಡಿನ ಮಳೆಗೆ ರೇನ್ ಕವರ್ ಬೇಕೇ ಬೇಕು. ಅದರ ಜೊತೆಗೆ ಪುಸ್ತಕಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಡುವುದು ನಮ್ಮ ರೂಢಿ. ಒದ್ದೆ ಬ್ಯಾಗನ್ನು ಬಚ್ಚಲೊಲೆಯ ಮೇಲೆ ನೇತುಹಾಕಿ ಒಣಗಿಸುವ ತಪ್ಪು ಮಾಡಬೇಡಿ. ಹಳೆಯದಕ್ಕೆ ನಾನು ಹಾಗೇ ಮಾಡಿದ್ದೆ. ಒಳಗಿನ ಲೇಪ ತಲೆಹೊಟ್ಟಿನ ಹಾಗೆ ಎದ್ದು ಪುಸ್ತಕದ ಮೇಲೆಲ್ಲ ಉದುರುತ್ತಿತ್ತು. ಈಗ ತಣ್ಣೀರಿನಲ್ಲಿ ಕೈಯಲ್ಲೇ ತೊಳೆದು, ತಲೆಕೆಳಗಾಗಿ ಜಗಲಿಯಲ್ಲಿ ಗಾಳಿಗೆ ಹಾಕುತ್ತೇನೆ. ಎರಡು ದಿನ ಬೇಕು, ಆದರೂ ಬೂಷ್ಟು ಬಂದಿಲ್ಲ.

ಭಾರದ ವಿಷಯ ನನಗೆ ನಿಜವಾಗಿ ಚಿಂತೆಗೆ ಹಚ್ಚಿತ್ತು. ಎಂಟನೇ ಕ್ಲಾಸಿನಲ್ಲಿ ಒಂದು ದಿನ ಮಗನ ಬ್ಯಾಗನ್ನು ಅಡಿಕೆ ತೂಗುವ ತಕ್ಕಡಿಗೆ ಹಾಕಿ ನೋಡಿದೆ. 6 ಕೆಜಿ 800 ಗ್ರಾಂ! ಆಗ ಅವನ ತೂಕ 42 ಕೆಜಿ. ನಮ್ಮ ರಾಜ್ಯ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶದ ಪ್ರಕಾರ 6ರಿಂದ 8ನೇ ಕ್ಲಾಸಿಗೆ 3ರಿಂದ 4 ಕೆಜಿ, 9 ಮತ್ತು 10ಕ್ಕೆ 4ರಿಂದ 5 ಕೆಜಿ ದಾಟಬಾರದು. ಅವತ್ತಿನಿಂದ ಪ್ರತಿ ರಾತ್ರಿ ಟೈಮ್‌ಟೇಬಲ್ ನೋಡಿಕೊಂಡೇ ಬ್ಯಾಗ್ ತುಂಬುವುದು ರೂಢಿಯಾಯಿತು. ಲೀಟರ್ ಜಾಸ್ತಿ ಇರುವ ಬ್ಯಾಗ್ ಬೇಡ ಅನ್ನುವುದೂ ಇದಕ್ಕೇ. ಜಾಗ ಇದ್ದಷ್ಟೂ ತುಂಬುತ್ತಾರೆ. ನಮ್ಮದು 30 ಲೀಟರಿನದು, ಲಾಂಗ್ ನೋಟ್‌ಬುಕ್, ಊಟದ ಡಬ್ಬಿ, ಸ್ಟೀಲ್ ಬಾಟಲಿ ಎಲ್ಲಾ ಹಿಡಿಸುತ್ತದೆ. ಖಾಲಿ ಬ್ಯಾಗ್ 700 ಗ್ರಾಂ ಇದೆ. ಖಾಲಿ ಇದ್ದಾಗಲೇ ಒಂದು ಕೆಜಿ ದಾಟುವ ಬ್ಯಾಗುಗಳನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಬಣ್ಣ, ಆಕಾರ ಮಗನೇ ಆರಿಸಲಿ. ನಾನು ತೋರಿಸಿದ ನೀಲಿ ಬ್ಯಾಗನ್ನು "ಅಮ್ಮಾ, ಅದು ಚಿಕ್ಕ ಮಕ್ಕಳದ್ದು" ಅಂದು ಬಿಟ್ಟ. ಕಪ್ಪು ಬ್ಯಾಗ್ ಆರಿಸಿದ. ಅದರ ಮೇಲೆ ಕಾರ್ಟೂನ್ ಇಲ್ಲ, ದೊಡ್ಡ ಅಕ್ಷರ ಇಲ್ಲ. ಅದಕ್ಕೇ ಇವತ್ತು ಕಾಲೇಜಿಗೂ ನಾಚಿಕೆ ಇಲ್ಲದೆ ಹಾಕಿಕೊಂಡು ಹೋಗುತ್ತಾನೆ.

ಕೊರತೆ ಇಲ್ಲ ಅಂತಲ್ಲ. ಪಕ್ಕದ ಬಾಟಲಿ ಜೇಬಿನ ಬಲೆ ಮೊದಲ ವರ್ಷವೇ ಹರಿಯಿತು, ಎಲಾಸ್ಟಿಕ್ ಜೋತು ಬಿದ್ದಿದೆ. ಬೆನ್ನಿನ ಕಡೆಯ ಸ್ಪಂಜು ಅರ್ಧ ಕುಗ್ಗಿದೆ. ಕಂಪಾಸ್ ಬಾಕ್ಸಿನ ಮೂಲೆ ತಾಗಿ ತಾಗಿ ತಳದ ಒಂದು ಕಡೆ ಬಟ್ಟೆ ಸವೆದು, ಒಳಗೆ ಕೈ ಹಾಕಿದರೆ ಬೆರಳಿನ ನೆರಳು ಕಾಣುತ್ತದೆ. ತಳಕ್ಕೆ ಎರಡು ಪದರ ಇರುವ ಬ್ಯಾಗ್ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ, ನಾನು ಅದನ್ನು ನೋಡಲಿಲ್ಲ. ಮುಂದಿನ ವಾರ ಪೇಟೆಗೆ ಹೋದಾಗ ಆ ರಿಪೇರಿಯವರ ಹತ್ತಿರವೇ ಒಂದು ರೆಕ್ಸಿನ್ ತುಂಡು ಹೊಲಿಸಬೇಕು. ಸೆಕೆಂಡ್ ಪಿಯುಸಿ ಮುಗಿಯುವವರೆಗೂ ಇದೇ ಸಾಕು ಅಂದಿದ್ದಾನೆ.